ಕುಲಾವಿ ಹೊಲಿಯುವ ಮುನ್ನ

ವಿಜಯನಗರದ ಅರಸನನ್ನು ನೆನಪಿಸಿಕೊಳ್ಳಿ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಹೊಳೆಯುವ ಕಿರೀಟ, ಭುಜಕೀರ್ತಿ, ಮಕಮಲ್ಲಿನ ಮೇಲಂಗಿ. ಈ ಚಿತ್ರ ಹಂಪಿಯಿಂದ ಬಂದದ್ದಲ್ಲ. ಕಂಪನಿ ನಾಟಕ, ಕ್ಯಾಲೆಂಡರು, ಸಿನಿಮಾ ಸೇರಿ ಕೊಟ್ಟದ್ದು. ಐತಿಹಾಸಿಕ ನಾಟಕಕ್ಕೆ ಉಡುಪು ಹೊಲಿಯುವವರು ಇತಿಹಾಸಕ್ಕೆ ನಿಷ್ಠರಾಗಿರಬೇಕೋ, ತಮ್ಮ ಅಭಿರುಚಿಗೋ ಎಂದು ಚರ್ಚಿಸುವಾಗ ಇದನ್ನು ಮರೆಯುತ್ತೇವೆ. ಅಭಿರುಚಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಸ್ವಂತದ್ದಲ್ಲ, ರೂಢಿಯದ್ದು.

ದಾಖಲೆಗಳು ಏನು ಹೇಳುತ್ತವೆ? 1520ರ ಸುಮಾರಿಗೆ ಕೃಷ್ಣದೇವರಾಯನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿ ಬಟ್ಟೆ, ತಲೆಯ ಮೇಲೆ ಶಿರಸ್ತ್ರಾಣದ ಆಕಾರದ ಜರತಾರಿ ಟೋಪಿ, ಬರಿಗಾಲು ಎಂದು ಬರೆಯುತ್ತಾನೆ. ಅವನ ನಂತರ ಬಂದ ನ್ಯೂನಿಜ್, ಆ ಟೋಪಿಯ ಸ್ಥಳೀಯ ಹೆಸರನ್ನೂ ತನ್ನ ಕಿವಿಗೆ ಬಿದ್ದಂತೆ ದಾಖಲಿಸಿದ್ದಾನೆ. ಅದೇ ಕುಲ್ಲಾಯಿ, ಪಾರಸಿಯ 'ಕುಲಾಹ್'. ಇಂದು ಕೂಸಿನ ತಲೆಗೆ ಇಳಿದಿರುವ ನಮ್ಮ ಕುಲಾವಿ ಅದರ ನೆಂಟ. ಇದರೊಡನೆ ತೊಡುತ್ತಿದ್ದ ಉದ್ದ ತೋಳಿನ ಅಂಗಿ ಕಬಾಯಿ; ಅರಬ್ಬಿಯ 'ಕಬಾ'. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಇವೆರಡನ್ನೂ ತೊಟ್ಟ ಗಂಡಸರು ಸಾಲಾಗಿ ನಿಂತಿದ್ದಾರೆ.

ತಿರುಮಲೆಯ ಲೋಹಪ್ರತಿಮೆಯಲ್ಲಿ ಮಾತ್ರ ಅದೇ ಕೃಷ್ಣದೇವರಾಯ ಕೈಮುಗಿದು ನಿಂತಿದ್ದಾನೆ: ತಲೆಯ ಮೇಲೆ ಎತ್ತರದ ಟೋಪಿ, ಸೊಂಟಕ್ಕೆ ಧೋತರ, ಎದೆ ಬರಿದು. ಯಾವುದು ನಿಜ? ಎರಡೂ. ದೇವರೆದುರು ಒಂದು ಉಡುಪು, ಆಸ್ಥಾನದಲ್ಲಿ ಇನ್ನೊಂದು. ಚರಿತ್ರಕಾರ ಫಿಲಿಪ್ ವ್ಯಾಗನರ್ 1996ರ ತಮ್ಮ ಪ್ರಬಂಧದಲ್ಲಿ, ಇಸ್ಲಾಮೀ ಜಗತ್ತಿನ ಆಸ್ಥಾನದ ಉಡುಪನ್ನು ವಿಜಯನಗರ ಹೀಗೆ ತನ್ನದಾಗಿಸಿಕೊಂಡದ್ದನ್ನು ವಿವರವಾಗಿ ಚರ್ಚಿಸಿದ್ದಾರೆ. ಕರ್ನಾಟಕದ ಅರಸನ ಆಸ್ಥಾನಕ್ಕೆ ಹೋಗಲು ತಾನು ಕುಲ್ಲಾಯಿ ಇಡಬೇಕಾಯಿತೆಂದು ಗೊಣಗುವ ಚಾಟುಪದ್ಯವೊಂದು ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿದೆ.

ಇದು ಬರೀ ಬಟ್ಟೆಯ ವಿಷಯವಲ್ಲ. ಗಿರೀಶ ಕಾರ್ನಾಡರ ಕೊನೆಯ ನಾಟಕ 'ರಾಕ್ಷಸ ತಂಗಡಿ' 1565ರ ಯುದ್ಧದ್ದು. ಅದನ್ನು ಆಡಿಸುವವರು ಅಳಿಯ ರಾಮರಾಯನಿಗೆ ಕಿರೀಟ, ಬರಿ ಎದೆಗೆ ಶಲ್ಯ ಕೊಟ್ಟು, ಸುಲ್ತಾನರಿಗೆ ಶೇರ್ವಾನಿ ತೊಡಿಸಿದರೆ ಏನಾಗುತ್ತದೆ? ಮೊದಲ ಮಾತು ಹೊರಡುವ ಮೊದಲೇ ಉಡುಪು ತೀರ್ಪು ಕೊಟ್ಟಿರುತ್ತದೆ: ಇದು ಎರಡು ಧರ್ಮಗಳ ಕಾಳಗ. ಆದರೆ ಈ ಆಸ್ಥಾನಗಳ ನಡುವೆ ಓಡಾಟವಿತ್ತು. ಬಿಜಾಪುರದ ಅಲಿ ಆದಿಲ್ ಶಾಹನನ್ನು ರಾಮರಾಯನ ಹೆಂಡತಿ ಮಗನೆಂದು ಸ್ವೀಕರಿಸಿದ್ದಳೆಂದು ಫಿರಿಶ್ತಾ ಬರೆಯುತ್ತಾನೆ. ಒಂದೇ ಬಗೆಯ ಅಂಗಿ ತೊಟ್ಟವರು ಎದುರುಬದುರಾದರು ಎಂಬುದರಲ್ಲೇ ಆ ಯುದ್ಧದ ದುರಂತವಿದೆ. ಕಿರೀಟ ಅದನ್ನು ಮುಚ್ಚಿಬಿಡುತ್ತದೆ.

ರಂಗಭೂಮಿ ವಸ್ತುಸಂಗ್ರಹಾಲಯವಲ್ಲ, ಪ್ರೇಕ್ಷಕನಿಗೆ ಅರಸನ ಗುರುತು ಸಿಗಬೇಡವೇ ಎಂಬ ಆಕ್ಷೇಪವಿದೆ. ನ್ಯಾಯವಾದದ್ದೇ. ಆದರೆ ಗುರುತಿಗೆ ಕಿರೀಟವೇ ಬೇಕಿಲ್ಲ. ಎಲ್ಲರ ಟೋಪಿಗಿಂತ ಅರಸನದು ಒಂದು ಗೇಣು ಎತ್ತರವಿದ್ದರೆ, ಜರಿ ಅವನೊಬ್ಬನಿಗೇ ಇದ್ದರೆ ಸಾಕು. ಹೊಲಿಯುವವರ ಅಭಿರುಚಿಗೆ ನಿಜವಾದ ಕೆಲಸ ಇರುವುದು ಇಲ್ಲಿಯೇ. ತೆಳು ಬಿಳಿ ಬಟ್ಟೆ ರಂಗದ ಬೆಳಕಿಗೆ ಸಪ್ಪೆಯಾದರೆ ಅದನ್ನು ಕೆನೆಬಣ್ಣಕ್ಕೆ ತಿರುಗಿಸಬಹುದು. ಕಸೂತಿಗೆ ದುಡ್ಡಿಲ್ಲದಿದ್ದರೆ ಹೂವನ್ನು ಅಚ್ಚು ಒತ್ತಬಹುದು. ನಟ ಕತ್ತಿ ಎತ್ತಬೇಕಾದರೆ ಕಂಕುಳಲ್ಲಿ ಬಟ್ಟೆ ಸಡಿಲ ಬಿಡಬಹುದು. ಇವು ಯಾವುವೂ ಅಂದಿನ ಮನುಷ್ಯರನ್ನು ಬೇರೆಯವರನ್ನಾಗಿ ಮಾಡುವುದಿಲ್ಲ.

ಹಾಗಾಗಿ ಪ್ರತಿಯೊಂದು ಬದಲಾವಣೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಹೊಲಿಗೆಯನ್ನಷ್ಟೇ ಬದಲಿಸುತ್ತಿದೆಯೋ, ಯಾರು ಯಾರ ಜೊತೆ ಬದುಕಿದ್ದರು ಎಂಬುದನ್ನೂ ಬದಲಿಸುತ್ತಿದೆಯೋ? ಮೊದಲನೆಯದು ಕಲಾವಿದರ ಹಕ್ಕು. ಎರಡನೆಯದನ್ನು ಅಭಿರುಚಿ ಎಂದು ಕರೆದು ಬಿಟ್ಟುಬಿಡುವಂತಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವವರನ್ನು ನಮ್ಮ ಗಾದೆ ನಗೆಯಾಡುತ್ತದೆ. ದಾಖಲೆ ನೋಡುವ ಮುನ್ನವೇ ಕಿರೀಟ ಕತ್ತರಿಸಿಟ್ಟುಕೊಳ್ಳುವವರಿಗೂ ಆ ಗಾದೆ ಸಲ್ಲುತ್ತದೆ.