ಪತ್ತೂರಿನ ನಟರಾಜನ ವ್ಯಾಜ್ಯ: ಒಂದು ಗ್ರಂಥವಿಚಾರ

ಕಳವಾದ ದೇವಮೂರ್ತಿಯನ್ನು ಮರಳಿ ಕೇಳುವ ಅಧಿಕಾರ ಯಾರದು? ಈ ಪ್ರಶ್ನೆಯನ್ನು ವಿಚಾರಮಾಡಬಯಸುವ ವಾಚಕರು ಅಮೆರಿಕದ ಪಂಡಿತ ರಿಚರ್ಡ್ ಡೇವಿಸರು 1997ರಲ್ಲಿ ಪ್ರಕಟಿಸಿದ ‘ಲೈವ್ಸ್ ಆಫ್ ಇಂಡಿಯನ್ ಇಮೇಜಸ್’ ಎಂಬ ಆಂಗ್ಲ ಗ್ರಂಥವನ್ನು, ಅದರಲ್ಲಿಯೂ ಪತ್ತೂರಿನ ನಟರಾಜನ ಪ್ರಕರಣವನ್ನು, ಅವಶ್ಯವಾಗಿ ಓದತಕ್ಕದ್ದು.

ವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ, ಪಾಳುಬಿದ್ದ ವಿಶ್ವನಾಥ ದೇವಾಲಯದ ಬಳಿ ನೆಲವನ್ನಗೆಯುತ್ತಿದ್ದ ಕೂಲಿಯೊಬ್ಬನಿಗೆ ಚೋಳರ ಕಾಲದ ಕಂಚಿನ ನಟರಾಜನು ದೊರೆತನು. ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ನನ್ನು ಸೇರಿದ ಆ ಮೂರ್ತಿಯನ್ನು 1982ರಲ್ಲಿ ಕೆನಡಾ ದೇಶದ ಕಂಪನಿಯೊಂದು ಕೊಂಡಿತು. ಪೊಲೀಸರು ಅದನ್ನು ವಶಪಡಿಸಿಕೊಳ್ಳಲು, ಕಂಪನಿಯು ನ್ಯಾಯಾಲಯದ ಮೊರೆಹೊಕ್ಕಿತು. ಪ್ರತಿಯಾಗಿ ಹಕ್ಕನ್ನು ಸಾಧಿಸಿದವರಲ್ಲಿ ಭಾರತ ಸರ್ಕಾರ, ತಮಿಳುನಾಡು ಸರ್ಕಾರಗಳಲ್ಲದೆ ಆ ಪಾಳು ದೇವಾಲಯವೂ ಅಲ್ಲಿಯ ಶಿವಲಿಂಗವೂ ಸೇರಿದ್ದುವು! 1988ರಲ್ಲಿ ದೇವಾಲಯಕ್ಕೆ ಜಯವಾಯಿತು. 1991ರಲ್ಲಿ ಮೇಲಣ ನ್ಯಾಯಾಲಯವೂ ದೇವಾಲಯದ ಹಕ್ಕನ್ನು ಸ್ಥಿರಪಡಿಸಲು, ಅದೇ ವರ್ಷ ನಟರಾಜನು ಸ್ವದೇಶಕ್ಕೆ ಮರಳಿದನು.

ಕಲ್ಲುರಾಶಿಗೆ ವಾದಿಯಾಗುವ ಯೋಗ್ಯತೆ ಎಲ್ಲಿಂದ ಬಂದಿತೆಂದು ಕೆಲವರು ನಗಬಹುದು. ನಮ್ಮ ಪೂರ್ವಮೀಮಾಂಸಕರೂ ಈ ಸಂದೇಹವನ್ನು ಎತ್ತಿಯೇ ಇರುವರು. ದೇವತೆಗೆ ಶರೀರವಿಲ್ಲ, ಭೋಗವಿಲ್ಲ; ಆದುದರಿಂದ ‘ದೇವಗ್ರಾಮ’ವೆಂಬುದು ಬರಿಯ ಉಪಚಾರದ ಮಾತೆಂಬುದು ಶಬರಸ್ವಾಮಿಗಳ ಮತ. ಆದರೆ ಲೋಕವ್ಯವಹಾರವು ಬೇರೆ ದಾರಿಯನ್ನು ಹಿಡಿಯಿತು. ಕನ್ನಡನಾಡಿನ ದಾನಶಾಸನಗಳಲ್ಲಿಯೂ ಭೂಮಿಯನ್ನು ದೇವರಿಗೇ ಬಿಟ್ಟಂತೆ ಬರೆದಿರುವುದನ್ನು ಕಾಣುತ್ತೇವೆ. 1925ರಲ್ಲಿ ಪ್ರೀವಿ ಕೌನ್ಸಿಲು ದೇವವಿಗ್ರಹಕ್ಕೆ ವ್ಯವಹಾರದಲ್ಲಿ ವ್ಯಕ್ತಿತ್ವವುಂಟೆಂದು ಒಪ್ಪಿತು. ಇದು ಉಪಚಾರವೇ ಆಗಲಿ. ಇದಿಲ್ಲದಿದ್ದರೆ ದಾನಿಯ ವಂಶವಳಿದು ಪೂಜೆ ನಿಂತ ದೇವಸ್ವವೆಲ್ಲವೂ ಕಳ್ಳನ ಪಾಲಾಗುವುದು.

ಗ್ರಂಥಕರ್ತರೊಡನೆ ನಮಗಿರುವ ಭಿನ್ನಾಭಿಪ್ರಾಯವೂ ಇಲ್ಲಿಯೇ. ನೋಡುವವರು ಬದಲಾದಂತೆ ಮೂರ್ತಿಯು ಹೊಸ ಹೊಸ ಬಾಳನ್ನು ಪಡೆಯುವುದೆಂಬುದು ಅವರ ಸಿದ್ಧಾಂತ. ಗರ್ಭಗುಡಿಯ ಬಾಳನ್ನೂ ವಸ್ತುಸಂಗ್ರಹಾಲಯದ ಬಾಳನ್ನೂ ಸಮದೃಷ್ಟಿಯಿಂದ ವರ್ಣಿಸಿರುವ ಅವರ ಪಾಂಡಿತ್ಯವು ಶ್ಲಾಘ್ಯವಾದುದು. ಆದರೆ ವರ್ಣನೆಗೆ ಒಪ್ಪುವ ಸಮತ್ವವು ನಿರ್ಣಯಕ್ಕೆ ಸಾಲದು. ಸುಳ್ಳು ಪೂರ್ವೋತ್ತರವನ್ನು ಕಟ್ಟಿ ಮಾರಿದಂದು ಮೊದಲಾದ ಬಾಳನ್ನು, ಸಂಕಲ್ಪಪೂರ್ವಕವಾದ ಪ್ರತಿಷ್ಠೆಯಿಂದ ಮೊದಲಾದ ಬಾಳಿಗೆ ಸಮನೆನ್ನುವುದು ಹೇಗೆ?

ಇನ್ನೊಂದಂಶವನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಮೂರ್ತಿಗಂಟಿದ ಮಣ್ಣು, ಗೆದ್ದಲಿನ ಗುರುತು, ಪತ್ತೂರಿನಲ್ಲಿಯೇ ದೊರೆತ ಇತರ ಕಂಚಿನ ಮೂರ್ತಿಗಳ ಹೋಲಿಕೆ, ಇವೆಲ್ಲವೂ ಆ ನ್ಯಾಯಾಲಯದಲ್ಲಿ ಪರೀಕ್ಷೆಗೆ ಬಂದುವು. ಭಕ್ತಿಯೊಂದರಿಂದಲೇ ವ್ಯಾಜ್ಯ ಗೆಲ್ಲುವುದಿಲ್ಲ. ತಮ್ಮ ಊರಿನ ಗುಡಿಯ ಮೂರ್ತಿಗಳ ಅಳತೆಯನ್ನೂ ಛಾಯಾಚಿತ್ರವನ್ನೂ ಬರೆಹದಲ್ಲಿರಿಸದವರು ನಾಳೆ ಯಾವ ಸಾಕ್ಷ್ಯದಿಂದ ವಾದಿಸುವರು? ಈ ಪ್ರಕರಣವನ್ನಾದರೂ ಸಮರ್ಥರು ಕನ್ನಡಿಸಿದರೆ ಮಹದುಪಕಾರವಾಗುವುದು.