ಲೆಕ್ಕದಿಂದ ರಾಗ ಹುಟ್ಟೀತೇ?

‘ಶಾಸ್ತ್ರ ಜಾಸ್ತಿಯಾದರೆ ಸಂಗೀತ ಒಣಗುತ್ತದೆ’ ಎನ್ನುವ ಮಾತಿಗೆ ರಸಿಕರು ಬೇಗ ತಲೆದೂಗುತ್ತಾರೆ. ಪುಸ್ತಕ ಮುಟ್ಟದೆ ಹಾಡಿದ ದೊಡ್ಡವರ ಹೆಸರುಗಳೂ ಕೂಡಲೇ ಸಾಕ್ಷಿಗೆ ಬರುತ್ತವೆ. ಆದರೆ ಸರಳೆ, ಜಂಟಿ, ಅಲಂಕಾರ, ವರ್ಣ ಎಂದು ವರ್ಷಗಟ್ಟಲೆ ಗುರುವಿನ ಎದುರು ಕೂತವರಿಗೆ ಶಾಸ್ತ್ರ ಗಂಟಲಿಗೇ ಇಳಿದಿರುತ್ತದೆ. ತೋಡಿಯ ಗಾಂಧಾರವನ್ನು ಎಷ್ಟು ತೂಗಬೇಕೆಂದು ಬಲ್ಲವರಿಗೆ ಅದನ್ನು ವಿವರಿಸಲು ಬಾರದಿರಬಹುದು, ಅಷ್ಟೇ. ಕಾಗದದ ಮೇಲಿನ ಶಾಸ್ತ್ರದಿಂದ ಹೊಸದೇನಾದರೂ ಹುಟ್ಟೀತೇ ಎಂದು ಕೇಳಿದರೆ ವಾದಕ್ಕೆ ರಂಗೇರುತ್ತದೆ.

ಹುಟ್ಟಿದೆ. 17ನೇ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ ಮೇಳಗಳ ಲೆಕ್ಕ ಹಾಕಿದ. ಷಡ್ಜ, ಪಂಚಮ ಕದಲುವುದಿಲ್ಲ. ರಿಷಭ-ಗಾಂಧಾರದ ಜೋಡಿಗೆ 6 ಬಗೆ, ಧೈವತ-ನಿಷಾದದ ಜೋಡಿಗೆ 6 ಬಗೆ, ಮಧ್ಯಮ 2. ಆರಾರಲೆ ಮೂವತ್ತಾರು, ಅದರ ಇಮ್ಮಡಿ 72. ಆತನ ಕಾಲಕ್ಕೆ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ. ಉಳಿದವು ಯಾರೂ ಒಕ್ಕಲು ಬಾರದ ಖಾಲಿ ಮನೆಗಳು.

ಒಕ್ಕಲು ಬಂದದ್ದು ಆಮೇಲೆ. ಹಳೆಯ ಮನೆಗಳಿಗೂ ಹೊಸ ಬಾಗಿಲುಗಳು ಕಂಡವು. 22ನೇ ಮೇಳದ ಸ್ವರಗಳಲ್ಲಿ ಶ್ರೀರಾಗ ಮೊದಲೇ ಇತ್ತು. ಅದರ ಆರೋಹಣಕ್ಕೆ ಗಾಂಧಾರ, ಧೈವತ ಇಲ್ಲ. ಏಳೂ ಸ್ವರ ನೇರವಾಗಿ ಏರಿಳಿಯುವ ಖರಹರಪ್ರಿಯಕ್ಕೆ ಮೈತುಂಬಿದವರು ತ್ಯಾಗರಾಜರು. ದೀಕ್ಷಿತರೂ ಶ್ಯಾಮಾಶಾಸ್ತ್ರಿಗಳೂ ಆ ಕಡೆ ಹೋಗಲಿಲ್ಲ. ಇವತ್ತು ಅದೇ ರಾಗ ಕಛೇರಿಯ ನಡುಮಧ್ಯೆ ಗಂಟೆಗಟ್ಟಲೆ ನಿಲ್ಲಬಲ್ಲದು.

ಮೈಸೂರು ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರದು ಇನ್ನೂ ತುಂಟ ಬುದ್ಧಿ. ಶಂಕರಾಭರಣದಿಂದ ಮಧ್ಯಮ, ಪಂಚಮ ಎರಡನ್ನೂ ಕಿತ್ತುಹಾಕಿ ನಿರೋಷ್ಠ ಎಂಬ ರಾಗ ಕಟ್ಟಿದರು. ‘ಮ’, ‘ಪ’ ಎರಡೂ ತುಟಿ ಸೇರದೆ ಹೊರಡದ ಅಕ್ಷರಗಳು. ಉಳಿದ ಸ, ರಿ, ಗ, ದ, ನಿ ಹಾಡುವಾಗ ತುಟಿಗೆ ತುಟಿ ತಾಗುವುದಿಲ್ಲ. ಮೇಲ್ನೋಟಕ್ಕೆ ಬರೀ ಚಮತ್ಕಾರ. ಹಾಡಲು ಕೂತರೆ ಗೊತ್ತಾಗುತ್ತದೆ ಕಷ್ಟ. ಗಾಂಧಾರ ಬಿಟ್ಟರೆ ಮುಂದಿನ ಸ್ವರ ಧೈವತವೇ, ನಡುವೆ ಕಾಲೂರಲು ಜಾಗವಿಲ್ಲ. ತಂಬೂರಿಯಲ್ಲಿ ಪಂಚಮ ಮೊಳಗುತ್ತಿದ್ದರೂ ಗಾಯಕ ಅದನ್ನು ಮುಟ್ಟುವಂತಿಲ್ಲ. ರೂಢಿಯ ಸಂಚಾರಗಳೆಲ್ಲ ಕೈಕೊಡುವುದರಿಂದ ಹೊಸ ಹೆಜ್ಜೆ ಹುಡುಕಲೇಬೇಕು. ಆ ಇಕ್ಕಟ್ಟೇ ರಾಗಕ್ಕೊಂದು ಗುರುತು ಕೊಟ್ಟಿತು.

ಹಾಗೆಂದು ಲೆಕ್ಕ ಸರಿಯಾದ ಮಾತ್ರಕ್ಕೆ ರಾಗಕ್ಕೆ ಜೀವ ಬಾರದು. ಕೋಟೀಶ್ವರ ಅಯ್ಯರ್ 72 ಮೇಳಗಳಲ್ಲೂ ಕೃತಿ ರಚಿಸಿದರು. ಆದರೂ ಕನಕಾಂಗಿಯನ್ನು ಯಾರಾದರೂ ವಿಸ್ತಾರವಾಗಿ ಹಾಡುವುದು ಅಪರೂಪ. ಶುದ್ಧ ರಿಷಭದ ಬೆನ್ನಿಗೇ ಶುದ್ಧ ಗಾಂಧಾರ ಅಂಟಿಕೊಂಡಿರುವ ಅಲ್ಲಿ ಗಮಕಕ್ಕೆ ಉಸಿರಾಡಲು ಎಡೆ ಕಡಿಮೆ.

ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಹಿಡಿದದ್ದು ಎದುರು ದಿಕ್ಕು. ಹುಡುಗನಾಗಿದ್ದಾಗ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಇದ್ದಹಾಗೇ ಹಾಡಿ ತೋರಿಸುತ್ತಿದ್ದರು. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. ಕ್ಷಯದಿಂದ ವರ್ಷಗಟ್ಟಲೆ ದೇವಾಸದಲ್ಲಿ ಹಾಸಿಗೆ ಹಿಡಿದಾಗ ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಅವುಗಳ ಧಾಟಿಯಿಂದ ಹೊಸ ರಾಗಗಳನ್ನೇ ಎತ್ತಿದರು. ಆ ಹಾಡುಗಳನ್ನು ಕೇಳಿದವರು ಅವರೊಬ್ಬರೇ ಅಲ್ಲ. ಈ ಧಾಟಿ ಯಾವ ರಾಗಕ್ಕೂ ಸೇರಿದ್ದಲ್ಲ ಎಂದು ಹೇಳಬೇಕಾದರೆ ಇರುವ ರಾಗಗಳೆಲ್ಲ ಕರಗತವಾಗಿರಬೇಕಲ್ಲ!

ಜನಪದ ಗಾಯಕಿಗೆ ಈ ಯಾವ ಲೆಕ್ಕವೂ ಬೇಡ, ಅವಳ ಹಾಡು ಅದಿಲ್ಲದೆಯೂ ಪೂರ್ಣ. ಬೇಕಾಗುವುದು, ಕೈಗೆ ಕೂತ ಸಂಚಾರಗಳಲ್ಲೇ ಗಾಣದೆತ್ತಿನಂತೆ ಸುತ್ತತೊಡಗಿದ ನುರಿತ ಕಲಾವಿದನಿಗೆ. ನಮ್ಮಲ್ಲಿ ಮಕ್ಕಳು ಪರೀಕ್ಷೆಗೆಂದು ರಾಗಲಕ್ಷಣ ಉರುಹೊಡೆದು, ಪಾಸಾದ ಮರುದಿನ ಮರೆಯುತ್ತಾರೆ. ಮೊದಲು ನಾಲ್ಕಾರು ರಾಗ ಚೆನ್ನಾಗಿ ನೆಲೆನಿಲ್ಲಲಿ. ಆಮೇಲೆ ಒಂದು ದಿನ ಗುರುಗಳು, ‘ಇವತ್ತು ಪಂಚಮ ಮುಟ್ಟದೆ ಹಾಡು, ನೋಡೋಣ’ ಎನ್ನಲಿ. ಶಾಸ್ತ್ರದ ಪಾಠ ಅಲ್ಲಿಂದ ಶುರುವಾಗಲಿ.