ಲಕ್ಷಣವುಂಟು, ಲಕ್ಷ್ಯವಿಲ್ಲ: ಒಂದು ಗಣಕಾಜ್ಞೆಯ ಕೈಪಿಡಿಯ ವಿಮರ್ಶೆ

ಕೈಪಿಡಿಯನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ಆದರೂ ಅದು ಶಾಸ್ತ್ರಗದ್ಯವೇ. ಶಾಸ್ತ್ರಗದ್ಯದ ಗುಣದೋಷಗಳನ್ನು ತೂಗಲು ನಮ್ಮಲ್ಲಿ ಹಳೆಯದೊಂದು ಅಳತೆಗೋಲುಂಟು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿಯಮವನ್ನು ಕಂದಪದ್ಯದ ಸೂತ್ರವಾಗಿ ಹೇಳಿ, ವೃತ್ತಿಯಲ್ಲಿ ಬಿಡಿಸಿ, ಪೂರ್ವಕವಿಗಳ ಪ್ರಯೋಗಗಳಿಂದ ಸ್ಥಾಪಿಸಿದನು. ಸೂತ್ರ, ವೃತ್ತಿ, ಪ್ರಯೋಗ ಎಂಬ ಈ ಮೂರರ ಒರೆಗಲ್ಲಿಗೆ ಲಿನಕ್ಸ್ ಗಣಕಗಳಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ‘ಎಂಕೆಇ2ಎಫ್‌ಎಸ್’ ಆಜ್ಞೆಯ ಇಂಗ್ಲಿಷ್ ಕೈಪಿಡಿಯನ್ನು ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಫಾರ್ಮ್ಯಾಟ್ ಮಾಡುವುದೆಂದರೆ ಹೊಸ ಕಿರ್ದಿಪುಸ್ತಕಕ್ಕೆ ಗೆರೆಯೆಳೆದು, ಪುಟಸಂಖ್ಯೆ ಹಾಕಿ, ಅನುಕ್ರಮಣಿಕೆಯನ್ನು ಸಿದ್ಧಪಡಿಸಿದಂತೆ. ತುಂಬಿದ ಪುಸ್ತಕಕ್ಕೆ ಹೀಗೆ ಮಾಡಿದರೆ ಹಳೆಯ ಅನುಕ್ರಮಣಿಕೆ ಅಳಿದು ಲೆಕ್ಕವೇ ಸಿಕ್ಕದಾಗುತ್ತದೆ. ಇದು ನಮಗೆ ದೂರದ ಮಾತಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ 63,000ವನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರಕಾರವು 2022ರಲ್ಲಿ ಒಪ್ಪಿಗೆಯಿತ್ತಿತು. ನಾಗನೂರದಂಥ ಊರಿನಲ್ಲಿ ಗಣಕದ ಮುಂದೆ ಕುಳಿತ ಗುಮಾಸ್ತನು ಒಂದಕ್ಷರ ತಪ್ಪಿದರೆ ಅಳಿಯುವುದು ಯಾರದೋ ಬೆಳೆಸಾಲದ ಲೆಕ್ಕವಾಗಿರಬಹುದು.

ಮೊದಲು ಗುಣವನ್ನು ಹೇಳಬೇಕು. ಕೈಪಿಡಿಯ ಸೂತ್ರಭಾಗವು ಅಲ್ಪಾಕ್ಷರದ್ದು, ಅಸಂದಿಗ್ಧವಾದದ್ದು. ‘ಸಿ’ ಎಂಬ ಆಯ್ಕೆಯನ್ನು ಒಮ್ಮೆ ಕೊಟ್ಟರೆ ಡಿಸ್ಕಿನ ಕೆಟ್ಟ ಭಾಗಗಳಿಗಾಗಿ ಓದಿ ಪರೀಕ್ಷೆ. ಎರಡು ಸಲ ಕೊಟ್ಟರೆ ಬರೆದು ಓದುವ ನಿಧಾನದ ಪರೀಕ್ಷೆ. ವ್ಯಾಕರಣದ ದ್ವಿರುಕ್ತಿಯಂತೆ ಇಲ್ಲಿಯೂ ಪುನರುಚ್ಚಾರಕ್ಕೆ ಅರ್ಥವಿದೆ. ದೊಡ್ಡ ‘ಎಸ್’ನ ನಮೂದಂತೂ ಮಾದರಿಯಾದದ್ದು. ಡಿಸ್ಕಿನ ಮೂಲವಿವರವೆಲ್ಲ ಕೆಟ್ಟಾಗ ಅನುಭವಿಗಳು ಮಾತ್ರ ಹಿಡಿಯಬೇಕಾದ ಕೊನೆಯ ಉಪಾಯವಿದು, ಫಲಕ್ಕೆ ಭರವಸೆಯಿಲ್ಲ ಎಂದು ನಿಯಮದೊಡನೆಯೇ ಎಚ್ಚರಿಕೆ ನಿಂತಿದೆ.

ದೋಷವು ಸಣ್ಣ ‘ಎನ್’ನಲ್ಲಿ ಕಾಣುತ್ತದೆ. ಇದನ್ನು ಕೊಟ್ಟರೆ ಆಜ್ಞೆಯು ಏನನ್ನೂ ಬರೆಯದೆ, ಬರೆದಿದ್ದರೆ ಏನಾಗುತ್ತಿತ್ತೆಂಬುದನ್ನಷ್ಟೇ ತೋರಿಸುತ್ತದೆ. ಹಾಳಾದ ಡಿಸ್ಕಿನಲ್ಲಿ ಮೂಲವಿವರದ ಪ್ರತಿಗಳು ಎಲ್ಲಿವೆಯೆಂದು ತಿಳಿಯಲು, ಮೊದಲು ಕೊಟ್ಟ ಆಯ್ಕೆಗಳನ್ನೇ ಮತ್ತೆ ಕೊಡಿರಿ ಎನ್ನುತ್ತದೆ ಕೈಪಿಡಿ. ‘ಎನ್’ ಸೇರಿಸಲೇಬೇಕೆಂಬುದನ್ನು ಮಾತ್ರ ಕಂಸದೊಳಗೆ, ಲಘುವಾಗಿ, ಕೊನೆಗೆ ಹೇಳುತ್ತದೆ. ಉಳಿಸಹೊರಟ ಡಿಸ್ಕಿನ ಪ್ರಾಣವೆಲ್ಲ ಆ ಕಂಸದಲ್ಲಿದೆ! ಒಂದು ಪ್ರಯೋಗವಾಕ್ಯವನ್ನು ಪೂರ್ತಿಯಾಗಿ ಬರೆದುಕೊಟ್ಟಿದ್ದರೆ ಕಂಸವೇ ಬೇಕಾಗುತ್ತಿರಲಿಲ್ಲ. ಆಯ್ಕೆಗಳ ಅಕಾರಾದಿ ಕ್ರಮವೂ ವಿಚಾರಣೀಯ. ಸದ್ದಿಲ್ಲದೆ ಕೆಲಸಮಾಡೆಂಬ ನಿರುಪದ್ರವಿ ‘ಕ್ಯೂ’ನ ಸಮೀಪದಲ್ಲಿಯೇ ಭಯಂಕರವಾದ ‘ಎಸ್’ ಬರುತ್ತದೆ. ಹುಡುಕುವವನಿಗೆ ಈ ಕ್ರಮ ಅನುಕೂಲ, ಕಲಿಯುವವನಿಗೆ ಅಪಾಯ.

ಆಜ್ಞೆಯಿಂದ ಆಜ್ಞೆಗೆ ಅರ್ಥವೂ ಬದಲಾಗುತ್ತದೆ. ವಿಂಡೋಸಿನ ‘ಫಾರ್ಮ್ಯಾಟ್’ನಲ್ಲಿ ‘ಕ್ಯೂ’ ಎಂದರೆ ಮೌನವಲ್ಲ, ಶೀಘ್ರ. ‘ಎಂಕೆಎಫ್‌ಎಸ್-ಫ್ಯಾಟ್’ನಲ್ಲಿ ಸಣ್ಣ ‘ಎನ್’ ಎಂದರೆ ತಡೆಯಲ್ಲ, ಡಿಸ್ಕಿಗೆ ಇಡುವ ಹೆಸರು. ಈ ನಾನಾರ್ಥಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸದ ಕೈಪಿಡಿಯು ತನ್ನ ಮಟ್ಟಿಗೆ ಶುದ್ಧವಾಗಿದ್ದೂ ಓದುಗನಿಗೆ ಅಪೂರ್ಣ.

ಕನ್ನಡದಲ್ಲಿ ಬರೆಯುವವನಿಗೆ ಇನ್ನೊಂದು ತೊಡಕು. ಸಣ್ಣ ‘ಎನ್’ ಬರಹವನ್ನು ತಡೆಯುತ್ತದೆ. ದೊಡ್ಡ ‘ಎನ್’ ಕಡತಗಳ ವಿವರಕ್ಕೆ ಎಷ್ಟು ನಮೂದುಗಳಿರಬೇಕೆಂದು ಗೊತ್ತುಮಾಡುತ್ತದೆ. ನಮ್ಮ ಲಿಪಿಯಲ್ಲಿ ಈ ದೊಡ್ಡ-ಸಣ್ಣ ಭೇದವಿಲ್ಲ. ಕಣ್ಣಿಗೆ ಕಾಣುವ ಭೇದವನ್ನು ಇಲ್ಲಿ ಮಾತಿನಲ್ಲಿ ಹೇಳಬೇಕು. ಆದ್ದರಿಂದ ಬರಿಯ ಭಾಷಾಂತರ ಸಾಲದು. ಆಯ್ಕೆಗಳನ್ನು ಅಕ್ಷರಕ್ರಮದ ಬದಲು ಪರಿಣಾಮಕ್ರಮದಲ್ಲಿ ಜೋಡಿಸಬೇಕು: ನೋಡುವವು, ಬರೆಯುವವು, ಅಳಿಸುವವು ಎಂದು. ಒಂದೊಂದಕ್ಕೂ ಪೂರ್ಣವಾದ ಪ್ರಯೋಗವಿರಬೇಕು.

ಕನ್ನಡದ ನಿಯಮಗಳನ್ನು ಸಂಸ್ಕೃತಸೂತ್ರಗಳಲ್ಲಿ ಹೇಳಿದ ವೈಯಾಕರಣರು ಕೇಶಿರಾಜನ ಹಿಂದೆಯೂ ಇದ್ದರು, ಮುಂದೆಯೂ ಬಂದರು. ಆತನು ಕನ್ನಡದಲ್ಲಿಯೇ ಹೇಳಿ, ಲಕ್ಷ್ಯವನ್ನೂ ಕೊಟ್ಟನು. ಗಣಕಶಾಸ್ತ್ರದ ಕನ್ನಡ ಗದ್ಯಕ್ಕೆ ಇದಕ್ಕಿಂತ ಹತ್ತಿರದ ಮೇಲ್ಪಂಕ್ತಿಯನ್ನು ಹುಡುಕಬೇಕಾಗಿಲ್ಲ.